ಇಳಿಜಾರು ಹುಡುಕುವ ಲಾರಿ

ಹಿರಿಯೂರಿನಿಂದ ಹುಳಿಯಾರು ರಸ್ತೆಗೆ ತಿರುಗಿದ ಮೇಲೆ ರಾತ್ರಿ ಹೊತ್ತು ಹೋಟೆಲುಗಳ ಎದುರು ನಿಂತ ಲಾರಿಗಳನ್ನು ಒಮ್ಮೆ ನೋಡಿ. ಹೊಸ ಲಾರಿಗಳು ಜಾಗ ಸಿಕ್ಕಿದಲ್ಲಿ ನಿಂತಿರುತ್ತವೆ. ಹಳೆಯದೊಂದು ಮಾತ್ರ ಎಲ್ಲರಿಂದ ದೂರ, ಮೂತಿ ತಗ್ಗಿಗೆ ಮಾಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿರುತ್ತದೆ. ಊಟ ಮುಗಿಸಿ ಡ್ರೈವರ್ ಹತ್ತುತ್ತಾನೆ, ಕ್ಲೀನರ್ ಕಲ್ಲು ತೆಗೆಯುತ್ತಾನೆ, ಗಾಡಿ ನಾಲ್ಕು ಮಾರು ಉರುಳಿದ ಮೇಲೆ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಎದ್ದಿತು. ಸೆಲ್ಫ್ ಹೊಡೆಯುವ ಶಬ್ದವೇ ಇಲ್ಲ. ಬ್ಯಾಟರಿ ಕೈಕೊಟ್ಟಿದೆ, ಹೊಸತಕ್ಕೆ ಹಣ ಇಲ್ಲ ಎಂದು ಅರ್ಥ.

ನಮ್ಮ ಮಾಮನ ಲಾರಿ ಹಾಗೆ ಇಳಿಜಾರು ಹುಡುಕಿಕೊಂಡು ಎರಡು ವರ್ಷ ಓಡಿತ್ತು. ನಾನು ಆಗ ಕಾಲೇಜು ಬಿಟ್ಟು ಅವರ ಜೊತೆ ಕ್ಲೀನರ್ ಆಗಿದ್ದೆ. ಕಲ್ಲು ತೆಗೆಯುವ ಕೆಲಸ ನನ್ನದೇ. ಆ ಕೆಲಸ ಎಷ್ಟು ಅಪಾಯದ್ದೆಂದು ಈಗ ಯೋಚಿಸಿದರೆ ಮೈ ನಡುಗುತ್ತದೆ. ಇಂಜಿನ್ ನಿಂತಿದ್ದಾಗ ಗಾಳಿ ಟ್ಯಾಂಕ್ ಇಳಿದಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯುತ್ತದೆ. ಹದಿನೈದು ಟನ್ ಮಾಲು ಹೊತ್ತ ಗಾಡಿ ಉರುಳುತ್ತಿರುವಾಗ ಎದುರು ಒಂದು ಮಗು ಬಂದರೆ ದೇವರೇ ಗತಿ. ಆದರೂ ನಮ್ಮವರಲ್ಲಿ ಎಷ್ಟು ಮಂದಿ ಈಗಲೂ ಹಾಗೆ ಓಡಿಸುತ್ತಿಲ್ಲ ಹೇಳಿ?

ಮಾಮ ಆ ಹತ್ತು ಚಕ್ರದ ಲಾರಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು 2007ರಲ್ಲಿ. ಅದಿರಿನ ಕಾಲ. ಹೊಸಪೇಟೆ ಕಡೆಯ ಅದಿರು ಚಿತ್ರದುರ್ಗ, ಹಿರಿಯೂರು, ಹುಳಿಯಾರು, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಪಣಂಬೂರು ಬಂದರಿಗೆ ಬರುತ್ತಿತ್ತು. ಲಾರಿಗೆ ನಿದ್ದೆ ಇರಲಿಲ್ಲ, ಬ್ಯಾಟರಿಗೂ ಇರಲಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು. ಮರುವರ್ಷ ಸುಪ್ರೀಂ ಕೋರ್ಟು ಜುಲೈಯಲ್ಲಿ ಬಳ್ಳಾರಿಯ, ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಳನ್ನು ನಿಲ್ಲಿಸಿತು. ಗಣಿ ಲೂಟಿ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲದ ಮೇಲೆ ಗಾಡಿ ತೆಗೆದ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಮಾಮನ ಲಾರಿ ಎಂಟು ತಿಂಗಳು ಒಂದು ಖಾಲಿ ಗದ್ದೆಯಲ್ಲಿ ನಿಂತಿತು. ಮಳೆಗಾಲ ಕಳೆದು ಟರ್ಪಾಲು ತೆಗೆದು ಚಾವಿ ತಿರುಗಿಸಿದರೆ 'ಟಕ್' ಎಂಬ ಶಬ್ದ ಕೂಡ ಇಲ್ಲ. ಎರಡೂ ಬ್ಯಾಟರಿ ಹೋಗಿದ್ದವು. ಹೊಸ ಜೋಡಿಗೆ ಮಾಮಿಯ ಒಂದು ಬಳೆ ಬ್ಯಾಂಕಿಗೆ ಹೋಯಿತು.

ಆ ಬಳೆಯ ಬ್ಯಾಟರಿಗಳು ಎರಡು ವರ್ಷ ಕೂಡ ಸರಿಯಾಗಿ ಬಾಳಲಿಲ್ಲ. ಅದಕ್ಕೇ ಇಳಿಜಾರು.

2013ರ ಸೆಪ್ಟೆಂಬರ್. ದೇಶದಲ್ಲೆಲ್ಲ ಈರುಳ್ಳಿ ಬೆಲೆ ಆಕಾಶಕ್ಕೆ ಏರಿದ್ದ ವರ್ಷ. ಮಾರಿಕಣಿವೆಯ ಕೆಳಗಿನ ಒಂದು ಹಳ್ಳಿಯಿಂದ ಈರುಳ್ಳಿ ತುಂಬಿಸಿ ಮಂಗಳೂರು ಬಂದರಿನ ಮಂಡಿಗೆ ಹೊರಟಿದ್ದೆವು. ಹಸಿ ಈರುಳ್ಳಿ, ಮೇಲೆ ಮಳೆ. ರಾತ್ರಿ ಹಿರಿಯೂರು ಹೊರಗೆ ಚಾಗೆ ನಿಲ್ಲಿಸಿದೆವು. ಇಳಿಜಾರು ಸಿಗಲಿಲ್ಲ, 'ಇಂಜಿನ್ ಬಂದ್ ಮಾಡುವುದು ಬೇಡ' ಅಂದಿದ್ದರು ಮಾಮ. ನಾನೇ ಅಭ್ಯಾಸಬಲದಿಂದ ಚಾವಿ ತಿರುಗಿಸಿ ಇಳಿದೆ. ಮುಗಿಯಿತು. ತಳ್ಳಲು ಜನ ಇಲ್ಲ, ಮಾಲು ಸಮೇತ ತಳ್ಳುವುದಕ್ಕೆ ಆಗುವುದೂ ಇಲ್ಲ. ಟರ್ಪಾಲಿನ ಅಡಿಯಿಂದ ಈರುಳ್ಳಿ ಬೆವರುವ ವಾಸನೆ. ಮಾಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬೆಳಗ್ಗೆ ಸುಬಹಿಯ ಹೊತ್ತಿಗೆ ಹೋಟೆಲಿನವರು ಒಬ್ಬ ವಯಸ್ಸಾದ ಬ್ಯಾಟರಿ ಕೆಲಸದವರನ್ನು ಕರೆಸಿದರು. ಸೈಕಲಿನಲ್ಲಿ ಬಂದರು. ಕೈಯಲ್ಲಿ ಒಂದು ಬಕೆಟ್, ಚಿಂದಿ ಬಟ್ಟೆ, ಹೈಡ್ರೋಮೀಟರ್.

"ಯಾವೂರು ಸಾಬ್ರೇ? ಮಂಗ್ಳೂರಾ?"

"ಹೌದು ಯಜಮಾನ್ರೇ. ಬ್ಯಾಟರಿ ಸತ್ತುಹೋಗಿದೆ, ಒಂದು ಜೋಡಿ ಬೇಕಿತ್ತು" ಅಂದರು ಮಾಮ.

"ಸತ್ತೈತೆ ಅಂತ ಯಾರು ಹೇಳಿದ್ರು? ಮೊದ್ಲು ನೋಡಾನ" ಅಂದು ಅವರು ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದರು.

ನಾನು ಕಲಿತ ಪಾಠವೆಲ್ಲ ಆ ಬೆಳಗ್ಗಿನದು. ಅವರು ಹೈಡ್ರೋಮೀಟರಿಗೆ ಕೈ ಹಾಕಲೇ ಇಲ್ಲ ಮೊದಲು. ಚಾಸಿಸಿಗೆ ಹೋಗುವ ಅರ್ತ್ ಕೇಬಲನ್ನು ಹಿಡಿದು ಅಲುಗಾಡಿಸಿದರು. ನಟ್ಟು ಸಡಿಲ, ಅಡಿಯಲ್ಲಿ ತುಕ್ಕು. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಹೂವಿನ ಹಾಗೆ ಬೆಳೆದದ್ದನ್ನು ತೋರಿಸಿದರು. ಸೆಲ್ಫ್ ಹೊಡೆಯುವ ಆ ಎರಡು ಮೂರು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕರೆಂಟ್ ಹರಿಯಬೇಕು. ದಾರಿಯಲ್ಲಿ ಇಷ್ಟು ತುಕ್ಕು ಸಿಕ್ಕಿದರೆ ಒಳ್ಳೆಯ ಬ್ಯಾಟರಿ ಕೂಡ ಸತ್ತ ಹಾಗೆ ಆಡುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕೇಬಲಿನ ಜಾಯಿಂಟುಗಳನ್ನು ಮುಟ್ಟಿ ನೋಡಿದರೆ ಯಾವುದು ಬಿಸಿಯೋ ಅಲ್ಲಿ ರೋಗ ಉಂಟು ಎಂದು ತಿಳಿಯಬೇಕು. ಹಣ ಖರ್ಚಿಲ್ಲದ ಪರೀಕ್ಷೆ.

ಬಕೆಟಿನ ನೀರಿಗೆ ಅಡುಗೆ ಸೋಡಾ ಕಲಸಿ, ಸೆಲ್ಲುಗಳ ಬಿರಡೆ ಬಿಗಿಯಾಗಿವೆಯೇ ನೋಡಿ, ಬ್ಯಾಟರಿಯ ತಲೆಯನ್ನು ತೊಳೆದರು. ಬುಸ್ ಎಂದು ನೊರೆ ಬಂತು. ಸೋಡಾ ನೀರು ಒಂದು ಹನಿಯೂ ಒಳಗೆ ಹೋಗಬಾರದು, ಹೋದರೆ ಆ್ಯಸಿಡ್ ಕೆಡುತ್ತದೆ. ತಲೆಯ ಮೇಲೆ ಕೂತ ಧೂಳು ಮತ್ತು ಆ್ಯಸಿಡ್ ಸೇರಿ ಸಣ್ಣ ಕರೆಂಟ್ ರಾತ್ರಿ ಹಗಲು ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಸೋರುತ್ತಾ ಇರುತ್ತದಂತೆ. ಇದು ನಮಗೆ ಗೊತ್ತೇ ಇರಲಿಲ್ಲ. ನಾವು ಗಾಡಿಯ ಬಾಡಿ ತೊಳೆದು ಹೂವಿನ ಚಿತ್ರ ಬಿಡಿಸುತ್ತೇವೆ, ಬ್ಯಾಟರಿ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ತೆರೆಯುವುದಿಲ್ಲ.

ಆಮೇಲೆ ಹೈಡ್ರೋಮೀಟರ್. ಗಾಜಿನ ಕೊಳವೆ, ಮೇಲೆ ರಬ್ಬರ್ ಬುಗ್ಗೆ, ಒಳಗೆ ತೇಲುವ ಅಂಕೆಯ ಕಡ್ಡಿ. ಒಂದೊಂದು ಸೆಲ್ಲಿನ ಆ್ಯಸಿಡ್ ಎಳೆದು ನೋಡುತ್ತಾ ಹೋದರು. ಚಾಸಿಸಿಗೆ ಅರ್ತ್ ಆಗಿರುವ ಬ್ಯಾಟರಿಯ ಆರು ಸೆಲ್ಲಿನಲ್ಲೂ 1140, 1150. ಅದರ ಜೊತೆ ಸೀರಿಯಲ್ಲಿರುವ ಇನ್ನೊಂದರಲ್ಲಿ 1270, 1280. ಆದರೆ ಅದರಲ್ಲಿ ನೀರು ಪ್ಲೇಟಿಗಿಂತ ಕೆಳಗೆ! ಒಂದು ಹಸಿದದ್ದು, ಒಂದು ತಿಂದು ತಿಂದು ಬಾಯಾರಿದ್ದು. ಒಂದೇ ದಿನ ಒಂದೇ ಅಂಗಡಿಯಿಂದ ತಂದ ಜೋಡಿ.

ಯಜಮಾನರು ಮೇಲೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಟೇಪಿಗೆ ವಯರ್ ಎಲ್ಲಿಂದ ತಗಂಡೀರಿ?"

ಮಾಮ ನನ್ನ ಮುಖ ನೋಡಿದರು, ನಾನು ಮಾಮನ ಮುಖ. ನಮ್ಮ ಲಾರಿ 24 ವೋಲ್ಟಿನದು, 12ರ ಎರಡು ಬ್ಯಾಟರಿ ಸೀರಿಯಲ್ಲಿ. ಟೇಪ್, ಮೊಬೈಲ್ ಚಾರ್ಜರ್, ಕ್ಯಾಬಿನಿನ ಸಣ್ಣ ಫ್ಯಾನ್ ಎಲ್ಲ 12 ವೋಲ್ಟಿನವು. ಅವುಗಳಿಗೆ ಅರ್ತ್ ಬದಿಯ ಒಂದೇ ಬ್ಯಾಟರಿಯಿಂದ ವಯರ್ ಎಳೆದಿದ್ದೆವು. ಲಾರಿ ಲೈನಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅದರಿಂದ ಏನಾಗುತ್ತದೆ ಎಂದು ಯಜಮಾನರು ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದರು. ಆ ಒಂದು ಬ್ಯಾಟರಿ ದಿನವೂ ಖಾಲಿಯಾಗುತ್ತದೆ. ಆಲ್ಟರ್ನೇಟರಿಗೆ ಅದು ಗೊತ್ತಾಗುವುದಿಲ್ಲ, ಅದು ಎರಡೂ ಸೇರಿ 28 ವೋಲ್ಟ್ ಆಯಿತೇ ಎಂದಷ್ಟೇ ನೋಡುತ್ತದೆ. ಖಾಲಿ ಇರುವುದು 13ಕ್ಕೆ ನಿಂತರೆ ತುಂಬಿರುವುದು 15ಕ್ಕೆ ಏರುತ್ತದೆ. ಲೆಕ್ಕ ಸರಿ, ಬ್ಯಾಟರಿ ಎರಡೂ ಹಾಳು. ಹಸಿದದ್ದರ ಪ್ಲೇಟಿನ ಮೇಲೆ ಗಂಧಕದ ಉಪ್ಪು ಕಟ್ಟುತ್ತದೆ, ತುಂಬಿದ್ದರ ನೀರು ಕುದಿದು ಆವಿಯಾಗುತ್ತದೆ.

ಮಾಮಿಯ ಬಳೆ ತಿಂದದ್ದು ಒಂದು ಟೇಪ್ ರೆಕಾರ್ಡರು.

ಇದನ್ನು ಓದುತ್ತಿರುವ ಲಾರಿ ಮನೆಯವರು ಯಾರಾದರೂ ಇದ್ದರೆ ಇವತ್ತೇ ಹೋಗಿ ನೋಡಿ. 24ನ್ನು 12 ಮಾಡಿಕೊಡುವ ಸಣ್ಣ ಪೆಟ್ಟಿಗೆ, ಕನ್ವರ್ಟರ್ ಅಥವಾ ರೆಡ್ಯೂಸರ್ ಅನ್ನುತ್ತಾರೆ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ಎರಡೂ ಬ್ಯಾಟರಿಯಿಂದ ಸಮನಾಗಿ ತೆಗೆದುಕೊಳ್ಳುತ್ತದೆ. ಒಂದು ಬ್ಯಾಟರಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಹಾಗೆಯೇ ಜೋಡಿಯಲ್ಲಿ ಒಂದು ಹೋಯಿತು ಎಂದು ಒಂದನ್ನು ಮಾತ್ರ ಹೊಸತು ಹಾಕಿದರೂ ಇದೇ ಕತೆ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ ಹಾಗೆ.

ನಮ್ಮ ಬ್ಯಾಟರಿಗಳನ್ನು ಯಜಮಾನರು ಇಳಿಸಿಕೊಂಡು ಬಾಡಿಗೆಗೆ ಒಂದು ಜೋಡಿ ಕೊಟ್ಟರು. ಈರುಳ್ಳಿ ಒಂದು ದಿನ ತಡವಾಗಿ ಬಂದರು ಮುಟ್ಟಿತು. ಮಂಡಿಯವರು ಕೆಲವು ಚೀಲ ತಿರಸ್ಕರಿಸಿದರು, ಬಾಡಿಗೆಯಲ್ಲಿ ಕಡಿತವಾಯಿತು. ನಾಲ್ಕು ದಿನ ಬಿಟ್ಟು ವಾಪಸು ಹೋದಾಗ ನಮ್ಮ ಬ್ಯಾಟರಿಗಳು ಅವರ ಶೆಡ್ಡಿನಲ್ಲಿ ಚಾರ್ಜಿಗೆ ಕೂತಿದ್ದವು.

ಅವರು ಮಾಡಿದ್ದು ಮಂತ್ರವಲ್ಲ. ಮೊದಲು ಒಣಗಿದ ಸೆಲ್ಲುಗಳಿಗೆ ಪ್ಲೇಟ್ ಮುಳುಗುವಷ್ಟು ಮಾತ್ರ ಬ್ಯಾಟರಿ ನೀರು. ಪೂರ್ತಿ ತುಂಬಿಸಿದರೆ ಚಾರ್ಜಾಗುವಾಗ ಆ್ಯಸಿಡ್ ಉಬ್ಬಿ ಹೊರಗೆ ಚೆಲ್ಲುತ್ತದೆ. ಆಮೇಲೆ ಸಣ್ಣ ಕರೆಂಟ್. 150 ಆಂಪಿಯರ್-ಅವರ್ ಬ್ಯಾಟರಿಗೆ ಏಳೆಂಟು ಆಂಪಿಯರ್, ಅದಕ್ಕಿಂತ ಹೆಚ್ಚಿಲ್ಲ. ಎರಡು ಗಂಟೆಯಲ್ಲಿ ಚಾರ್ಜ್ ಮಾಡಿಕೊಡುತ್ತೇನೆ ಎನ್ನುವ ಅಂಗಡಿಯವನು ನಿಮ್ಮ ಬ್ಯಾಟರಿಯನ್ನು ಬೇಯಿಸುತ್ತಾನೆ. ಉಪ್ಪು ಕಟ್ಟಿದ ಪ್ಲೇಟಿಗೆ ಹಸಿವು ಕಡಿಮೆ, ಜ್ವರ ಬಿಟ್ಟವನಿಗೆ ಗಂಜಿ ಕುಡಿಸಿದ ಹಾಗೆ ನಿಧಾನಕ್ಕೆ ಕೊಡಬೇಕು. ಡಬ್ಬ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾದರೆ ನಿಲ್ಲಿಸಿ, ತಣಿದ ಮೇಲೆ ಮತ್ತೆ ಶುರು. ಹೀಗೆ ಎರಡು ಮೂರು ದಿನ. ಗಂಟೆಗೊಮ್ಮೆ ಹೈಡ್ರೋಮೀಟರ್ ಹಾಕಿ ಮೂರು ಸಲವೂ ಒಂದೇ ಅಂಕೆ ಬಂದರೆ ಅಷ್ಟೇ ಅದರ ಶಕ್ತಿ ಎಂದು ಅರ್ಥ.

ಅಂಕೆಯ ಲೆಕ್ಕ ಹೀಗೆ. ಪೂರ್ತಿ ಚಾರ್ಜಿನಲ್ಲಿ 1240ರಿಂದ 1280, ಇದು ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. 1200ರ ಸುಮಾರಿಗೆ ಇದ್ದರೆ ಅರ್ಧ ಹೊಟ್ಟೆ. 1150ಕ್ಕೆ ಇಳಿದರೆ ಖಾಲಿ. ಹೈಡ್ರೋಮೀಟರ್ ಇಲ್ಲದವರು, ಗಾಡಿ ನಿಲ್ಲಿಸಿ ಒಂದು ರಾತ್ರಿ ಕಳೆದ ಮೇಲೆ ಮೀಟರಿನಲ್ಲಿ ವೋಲ್ಟ್ ನೋಡಬಹುದು. 12.6 ಇದ್ದರೆ ತುಂಬಿದೆ, 12.2 ಅರ್ಧ, 12ಕ್ಕಿಂತ ಕೆಳಗೆ ಇಳಿದರೆ ಆ ದಿನವೇ ಚಾರ್ಜಿಗೆ ಹಾಕಬೇಕು. 10.5ಕ್ಕೆ ಬಂದು ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎನ್ನುವ ಅನುಮಾನ, ಏಕೆಂದರೆ ಒಂದೊಂದು ಸೆಲ್ಲಿಗೆ ಎರಡು ವೋಲ್ಟ್ ಚಿಲ್ಲರೆ. ಐದು ಸೆಲ್ 1250 ತೋರಿಸಿ ಒಂದು ಮಾತ್ರ 1180 ತೋರಿಸುತ್ತಿದ್ದರೆ, ಎಷ್ಟು ಚಾರ್ಜ್ ಮಾಡಿದರೂ ಏರದಿದ್ದರೆ, ಅದಕ್ಕೆ ಮದ್ದಿಲ್ಲ.

ಇಲ್ಲಿ ಒಂದು ದೊಡ್ಡ ಮೋಸ ನಡೆಯುತ್ತದೆ. ಅಂಕೆ ಕಡಿಮೆ ಬಂತು ಎಂದ ಕೂಡಲೇ ಕೆಲವರು ಆ್ಯಸಿಡ್ ಸುರಿಯುತ್ತಾರೆ. ಮಾಮನೂ ಮೊದಲು ಹಾಗೆ ಮಾಡಿಸಿದ್ದರು. ಆ್ಯಸಿಡ್ ಹಾಕಿದರೆ ಅಂಕೆ ಏರುತ್ತದೆ, ಒಂದು ವಾರ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಬ್ಯಾಟರಿ ಸೇರಿಯಾಯಿತು ಎಂದು ನಾವು ಸಂತೋಷಪಡುತ್ತೇವೆ. ನಿಜ ಏನೆಂದರೆ ಬ್ಯಾಟರಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಆ್ಯಸಿಡ್ ಎಲ್ಲಿಗೂ ಹೋಗಿರುವುದಿಲ್ಲ, ಕರೆಂಟ್ ಖಾಲಿಯಾದಾಗ ಅದು ಪ್ಲೇಟಿನೊಳಗೆ ಉಪ್ಪಾಗಿ ಕೂತಿರುತ್ತದೆ. ಚಾರ್ಜ್ ಮಾಡಿದರೆ ಅದೇ ಹೊರಗೆ ಬರುತ್ತದೆ. ಹೊರಗಿನಿಂದ ಬೇರೆ ಸುರಿದರೆ ಒಳಗಿನದ್ದೂ ಸೇರಿ ಪ್ಲೇಟನ್ನೇ ತಿಂದುಹಾಕುತ್ತದೆ. ಬ್ಯಾಟರಿ ಮಗುಚಿ ಚೆಲ್ಲಿದ್ದರೆ ಮಾತ್ರ, ಅದೂ ತಿಳಿದವರು ಅಳತೆ ನೋಡಿ ಹಾಕಬೇಕು.

ನೀರಿನ ವಿಷಯವೂ ಅಷ್ಟೇ. ಮಾರಿಕಣಿವೆ ಕಡೆಗೆ ಹೋಗಿ ಬರುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಆ ಕಡೆಯ ಬೋರ್‌ವೆಲ್ ನೀರು ಗಡಸು, ಹೋಟೆಲಿನ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ನೀರಿನಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಬೇಸಿಗೆಯಲ್ಲಿ ಅಲ್ಲಿನ ಒಣ ಸೆಕೆಗೆ ಬ್ಯಾಟರಿ ನೀರು ಬೇಗ ಇಳಿಯುತ್ತದೆ, ಡ್ರೈವರು ಕುಡಿಯುವ ಬಾಟಲಿಯ ನೀರನ್ನೇ ಸುರಿದು ಮುಂದೆ ಹೋಗುತ್ತಾನೆ. ಆ ಸುಣ್ಣ, ಕಬ್ಬಿಣ, ಉಪ್ಪು ಎಲ್ಲ ಒಳಗೇ ಉಳಿದು ಬ್ಯಾಟರಿ ನಿಂತಲ್ಲೇ ಖಾಲಿಯಾಗುವ ರೋಗ ಹಿಡಿಯುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 'ಈಗ ಕಣಿವೆ ತುಂಬಾ ಸಿಹಿನೀರು ಉಂಟಲ್ಲ' ಎಂದು ಮಾಮ ತಮಾಷೆ ಮಾಡುತ್ತಾರೆ. ಕಣಿವೆ ನೀರು ತೋಟಕ್ಕೆ ಸರಿ, ಬ್ಯಾಟರಿಗೆ ಸರಿಯಲ್ಲ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿ ನೀರಿನ ಕ್ಯಾನ್ ಸಿಗುತ್ತದೆ. ಒಂದು ಯಾವಾಗಲೂ ಕ್ಯಾಬಿನಿನಲ್ಲಿರಲಿ.

ನಮ್ಮ ಜೋಡಿಯಲ್ಲಿ ನೀರು ಒಣಗಿದ ಬ್ಯಾಟರಿ ಚೆನ್ನಾಗಿಯೇ ಎದ್ದಿತು. ಹಸಿದದ್ದು ಐದು ಸೆಲ್ಲಿನಲ್ಲಿ 1240ರ ತನಕ ಬಂತು, ಒಂದು 1210ಕ್ಕೆ ನಿಂತಿತು. "ಒಂದೊರ್ಷ ಓಡ್ತೈತೆ, ಹೆಚ್ಗೆ ಆಸೆ ಇಟ್ಕಬ್ಯಾಡಿ" ಅಂದರು ಯಜಮಾನರು. ಹದಿನಾಲ್ಕು ತಿಂಗಳು ಓಡಿತು. ಎರಡರ ಜಾಗವನ್ನು ಅದಲುಬದಲು ಮಾಡಿ, ಅಡಿಗೆ ಹಳೆ ಟ್ಯೂಬಿನ ರಬ್ಬರ್ ಹಾಕಿ, ಮೇಲಿನ ಕ್ಲಾಂಪ್ ಬಿಗಿದು ಕೊಟ್ಟಿದ್ದರು. ಕ್ಲಾಂಪ್ ಸಡಿಲ ಇದ್ದರೆ ಗುಂಡಿ ರಸ್ತೆಯ ಹೊಡೆತಕ್ಕೆ ಪ್ಲೇಟಿನ ಪುಡಿ ಉದುರಿ ತಳದಲ್ಲಿ ರಾಶಿ ಬಿದ್ದು, ಒಂದು ದಿನ ಪ್ಲೇಟಿಗೆ ಪ್ಲೇಟು ಶಾರ್ಟ್ ಆಗುತ್ತದೆ. ಟರ್ಮಿನಲ್ಲಿಗೆ ವ್ಯಾಸಲಿನ್ ಹಚ್ಚುವುದು ಬಿಗಿದ ಮೇಲೆ, ಬಿಗಿಯುವ ಮೊದಲಲ್ಲ.

ನಿಂತ ಗಾಡಿಯ ಪಾಠವನ್ನು ಮಾಮ ಅದಿರಿನ ಕಾಲದಲ್ಲಿ ಕಲಿತಿರಲಿಲ್ಲ, 2020ರಲ್ಲಿ ಉಪಯೋಗಕ್ಕೆ ಬಂತು. ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅವರು ಮೊದಲು ಮಾಡಿದ್ದು ಅರ್ತ್ ಕೇಬಲ್ ಬಿಚ್ಚಿ ಇಟ್ಟದ್ದು. ಬ್ಯಾಟರಿ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಖಾಲಿಯಾಗುತ್ತದೆ, ಸೆಕೆ ಹೆಚ್ಚಿದಷ್ಟು ಬೇಗ. ಖಾಲಿಯಾಗಿ ತಿಂಗಳುಗಟ್ಟಲೆ ಕೂತರೆ ಮೆತ್ತಗಿನ ಉಪ್ಪು ಗಟ್ಟಿ ಹರಳಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಕರಗುವುದಿಲ್ಲ. ತಿಂಗಳಿಗೊಮ್ಮೆ ಇಳಿಸಿ ಚಾರ್ಜ್ ಮಾಡಿಸಿದರು. ಹತ್ತು ನಿಮಿಷ ಇಂಜಿನ್ ಸ್ಟಾರ್ಟ್ ಮಾಡಿ ಬಂದ್ ಮಾಡುವುದರಿಂದ ಪ್ರಯೋಜನವಿಲ್ಲ. ಸೆಲ್ಫಿಗೆ ಹೋದದ್ದು ವಾಪಸು ಬಂದರೂ ಹಳೆಯ ಬಾಕಿ ತೀರುವುದಿಲ್ಲ.

ಈಗ ಹೇಳಲು ಮನಸ್ಸಿಲ್ಲದ ಒಂದು ಸಂಗತಿ. ನನ್ನ ಚಿಕ್ಕಮ್ಮನ ಮಗ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಚಾರ್ಜಿನಲ್ಲಿದ್ದ ಬ್ಯಾಟರಿಯಲ್ಲಿ ನೀರು ಎಷ್ಟಿದೆ ಎಂದು ನೋಡಲು ಮಬ್ಬಿನಲ್ಲಿ ಲೈಟರ್ ಹೊತ್ತಿಸಿದ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಪಟಾಕಿಯ ಹಾಗೆ ಸಿಡಿದು ಮೇಲಿನ ಮುಚ್ಚಳ ಹಾರಿತು. ಆ್ಯಸಿಡ್ ಮುಖಕ್ಕೆ. ಪಕ್ಕದಲ್ಲಿ ಕೈ ತೊಳೆಯುವ ಬ್ಯಾರೆಲ್ ಇತ್ತು, ಗ್ಯಾರೇಜಿನ ಹಿರಿಯ ಒಬ್ಬರು ಅವನ ತಲೆಯನ್ನೇ ನೀರಿಗೆ ಅದ್ದಿ, ಕಣ್ಣುರೆಪ್ಪೆ ಬಿಡಿಸಿ ಹಿಡಿದು ಕಾಲು ಗಂಟೆ ನೀರು ಸುರಿದರು. ಆಮೇಲೆ ಆಸ್ಪತ್ರೆ. ಎಡಗಣ್ಣು ಉಳಿಯಿತು, ಆದರೆ ರಾತ್ರಿ ಎದುರಿನ ಲೈಟ್ ಒಡೆದು ಕಾಣುತ್ತದೆ ಎನ್ನುತ್ತಾನೆ. ಡ್ರೈವರ್ ಆಗಬೇಕೆಂದಿದ್ದ ಹುಡುಗ.

ಹಾಗಾಗಿ ಬ್ಯಾಟರಿ ಹತ್ತಿರ ಬೀಡಿ, ಲೈಟರ್, ಕಿಡಿ ಬೇಡ. ಕೇಬಲ್ ಬಿಚ್ಚುವಾಗ ಮೊದಲು ಅರ್ತ್, ಹಾಕುವಾಗ ಕೊನೆಗೆ ಅರ್ತ್. ಪಾನಾ ಚಾಸಿಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕೊನೆಯ ಕ್ಲಿಪ್ಪನ್ನು ಬ್ಯಾಟರಿಗೆ ಹಾಕಬೇಡಿ, ದೂರದ ಚಾಸಿಸಿಗೆ ಹಾಕಿ. 24 ವೋಲ್ಟ್ ಗಾಡಿಯನ್ನು 12 ವೋಲ್ಟಿನ ಕಾರಿಗೆ ಜೋಡಿಸಲೇಬೇಡಿ. ಕಣ್ಣಿಗೆ ಆ್ಯಸಿಡ್ ಬಿದ್ದರೆ ಸೋಡಾ, ಹಾಲು, ಯಾವ ಮದ್ದೂ ಹುಡುಕಬೇಡಿ, ನೀರು ಸುರಿಯುತ್ತಾ ಇರಿ.

ಯಜಮಾನರ ಶೆಡ್ಡಿನ ಮೂಲೆಯಲ್ಲಿ ಕೆಲವು ಕಪ್ಪು ಡಬ್ಬಗಳಿದ್ದವು, ಗಟ್ಟಿ ರಬ್ಬರಿನವು. ಹಳೆಯ ಕಾಲದಲ್ಲಿ ಬ್ಯಾಟರಿಯ ತಲೆಗೆ ಡಾಂಬರು ಹಾಕಿ ಮುಚ್ಚುತ್ತಿದ್ದರು. ಒಂದು ಸೆಲ್ ಹೋದರೆ ಡಾಂಬರು ಕರಗಿಸಿ, ಆ ಸೆಲ್ಲಿನ ಪ್ಲೇಟಿನ ಗೊಂಚಲು ಎತ್ತಿ, ಹೊಸದು ಇಟ್ಟು, ಸೀಸ ಕರಗಿಸಿ ಬೆಸೆದು ಮತ್ತೆ ಮುಚ್ಚುತ್ತಿದ್ದರು. ಊರೂರಿನಲ್ಲಿ ಅಂಥ ಕೆಲಸದವರಿದ್ದರು. ಈಗಿನ ಪ್ಲಾಸ್ಟಿಕ್ ಡಬ್ಬದ ಮುಚ್ಚಳವನ್ನು ಕಾಯಿಸಿ ಬೆಸೆದಿರುತ್ತಾರೆ, ತೆಗೆಯುವಂತಿಲ್ಲ. ಒಂದು ಕಸುಬು ಹೋಯಿತಲ್ಲ ಎಂದು ನಾನು ಬೇಸರಪಟ್ಟೆ. ಯಜಮಾನರು ಪಡಲಿಲ್ಲ. ಮೂವತ್ತು ವರ್ಷ ಸೀಸ ಕರಗಿಸಿದ ಅವರ ಕೈ ನಡುಗುತ್ತಿತ್ತು, ಹೊಟ್ಟೆ ಹಿಂಡುವ ನೋವು ಬಿಟ್ಟಿರಲಿಲ್ಲ. "ಹೋಗ್ಲಿ ಬಿಡಿ, ಅದು ಹೋಗಿದ್ದೇ ವಾಸಿ" ಅಂದರು.

ಆ ಮಾತು ನಮ್ಮ ಮನೆಗಳಿಗೆ ತಾಗುತ್ತದೆ. ನಮ್ಮಲ್ಲಿ ಲಾರಿ ಎಷ್ಟೋ ಗುಜರಿಯೂ ಅಷ್ಟೇ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ತೂಕದ ಲೆಕ್ಕ ಸರಿಯಾಗಲಿ ಎಂದು ಆ್ಯಸಿಡನ್ನು ಹಿತ್ತಿಲಿಗೋ ಚರಂಡಿಗೋ ಚೆಲ್ಲುವವರಿದ್ದಾರೆ, ಕೊಡಲಿಯಲ್ಲಿ ಒಡೆದು ಪ್ಲೇಟು ಬೇರೆ ಮಾಡುವವರಿದ್ದಾರೆ, ಕೆಲವು ಕಡೆ ಬಾಣಲೆಯಲ್ಲಿ ಕರಗಿಸುವವರೂ ಇದ್ದಾರೆ. ಆ ಬೂದು ಪುಡಿ ಅಂಗಿಯಲ್ಲಿ, ಉಗುರಿನಲ್ಲಿ ಮನೆಗೆ ಬರುತ್ತದೆ. ಅಪ್ಪ ಬಂದ ಕೂಡಲೇ ಮಗು ಓಡಿ ಬಂದು ಕಾಲು ಹಿಡಿಯುತ್ತದೆ, ನೆಲದಲ್ಲಿ ಹರಿದಾಡಿ ಕೈ ಬಾಯಿಗೆ ಹಾಕುತ್ತದೆ.

ಸೀಸ ಮೈಗೆ ಸುಣ್ಣದ ವೇಷದಲ್ಲಿ ಸೇರುತ್ತದೆ. ಕ್ಯಾಲ್ಸಿಯಂ ಎಂದುಕೊಂಡು ದೇಹ ಅದನ್ನು ಎಲುಬಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಸಣ್ಣ ಮಕ್ಕಳ ಮೈ ಹೀರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಚಿಂತೆಗೆ ಕಾರಣವಾಗುವಷ್ಟು ಸೀಸ ಇದೆ ಎಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು. ಹಳೆ ಬ್ಯಾಟರಿಗಳನ್ನು ಹೀಗೆ ಹಿತ್ತಿಲಿನಲ್ಲಿ ಒಡೆಯುವುದು ಅದರ ಮುಖ್ಯ ಕಾರಣಗಳಲ್ಲೊಂದು. ಮಗು ಮಂಕಾಗುತ್ತದೆ, ಓದು ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. 'ತಲೆಗೆ ಹೋಗುವುದಿಲ್ಲ ಇವನಿಗೆ' ಎಂದು ನಾವು ಮಗುವನ್ನೇ ಬೈಯುತ್ತೇವೆ. ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಸೀಸದ ಕೆಲಸ ಮಾಡುವವರ ಮನೆಯ ಮಕ್ಕಳಿಗೆ ಒಂದು ರಕ್ತಪರೀಕ್ಷೆ ಮಾಡಿಸಲು ಡಾಕ್ಟರಲ್ಲಿ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸುವ ಹಾಗಿಲ್ಲ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಬೇರೆಯಾಗಿ ಕೊಡಬೇಕು. ಹೊಸತು ಕೊಳ್ಳುವ ಅಂಗಡಿಯಲ್ಲಿ ಹಳೆಯದನ್ನು ಇಡಿಯಾಗಿ, ಆ್ಯಸಿಡ್ ಸಮೇತ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಗುಜರಿಯವರು ಕೊಳ್ಳುವುದಿದ್ದರೂ ಒಡೆಯದೆ, ಚೆಲ್ಲದೆ, ನೆರಳಿನಲ್ಲಿ ನೇರ ನಿಲ್ಲಿಸಿ ಸಾಗಿಸಬಹುದು. ಲಾಭ ಸ್ವಲ್ಪ ಕಡಿಮೆಯಾದೀತು.

ಮಾಮನ ಲಾರಿಯ ಬ್ಯಾಟರಿ ನೋಡಿಕೊಳ್ಳುವುದು ಈಗ ಅವರ ಮಗ. ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆಯುತ್ತಾನೆ, ಹನ್ನೆರಡು ಸೆಲ್ಲಿನ ಅಂಕೆಗಳನ್ನು ಮೊಬೈಲಿನಲ್ಲಿ ಬರೆದಿಡುತ್ತಾನೆ. ಮಾಮಿ ಹಿತ್ತಿಲಿನ ನಲ್ಲಿಯ ಹತ್ತಿರ ಗೋಡೆಗೆ ಒಂದು ಮೊಳೆ ಹೊಡೆಸಿದ್ದಾರೆ. ಕೆಲಸದ ಅಂಗಿ ಆ ಮೊಳೆಗೆ ತೂಗಬೇಕು, ಸಾಬೂನು ಹಾಕಿ ಮೊಣಕೈವರೆಗೆ ತೊಳೆಯಬೇಕು, ಆಮೇಲೆಯೇ ಒಳಗೆ. ಮಾಮ ಮೊದಮೊದಲು ಗೊಣಗಿದರು. ಮೊಮ್ಮಗಳು ಬಾಗಿಲಲ್ಲಿ ನಿಂತು "ಉಪ್ಪಾಪ್ಪಾ, ಕೈ ತೊಳೆದಿರಾ?" ಎಂದು ಕೇಳಲು ಶುರು ಮಾಡಿದ ಮೇಲೆ ಗೊಣಗುವುದು ನಿಂತಿದೆ.